ಮೆಲುಕು ಹಾಕಿದ ಮೊಲಗಳು

ನೇಮಣ್ಣಗ ವಯಸ್ಸಾತು, ಏನರೆ ಬಡಬಡಸ್ತಾನ ಅನ್ನಾವ್ರು ಬಾಯಿ ಮುಚ್ಚಿ ಕೇಳ್ರಿ. ನನ್ನ ಆಕಳ ಚಂದ್ರಿ ಗಂಟು ರೋಗದಾಗ ಸತ್ತಿದ್ದು ನೀವು ಮರ್ತಿರಬೇಕು, ನಾ ಮರ್ತಿಲ್ಲ. ಅಕಿ ಹುಣ್ಣಿನ ಮ್ಯಾಲಿನ ಹಕ್ಕಳಿ ಕೊಡ್ರಿ, ಪರೀಕ್ಷಾ ಮಾಡ್ಬೇಕು ಅಂತ ಲ್ಯಾಬಿನ ಡಾಕ್ಟರ್ ದೀಪಾಲಿ ನಮ್ಮೂರು ಶೇಡಬಾಳಕ್ಕ ಬಂದ್ಲು. ನಾವು ಜೈನ್ರು, ಇರುವಿ ದಾಟಿ ಕಾಲಿಡಾವ್ರು. "ಇದರಿಂದ ಇನ್ನೊಂದು ಜೀವಕ್ಕ ತ್ರಾಸ ಆಗಬಾರದವ್ವಾ" ಅಂದೆ.

"ಇಲ್ರಿ ಕಾಕಾ" ಅಂದ್ಲು. ನಂಬಿ ಕೊಟ್ಟೆ. ಹಸೀ ಸುಳ್ಳು!

ಆ ಹಕ್ಕಳಿ ಅರದು ಮೊಲಕ್ಕ ಚುಚ್ಯಾರಂತ ಗೊತ್ತಾಗಿ, ಸಿಟ್ಟಿನ್ಯಾಗ ಮಟಮಟ ಮಧ್ಯಾಹ್ನ ಲ್ಯಾಬಿಗೆ ಹೋದೆ. ಎಸಿ ಖೋಲಿ ಅದು, ಆದ್ರ ಒಳಗ ದನದ ಕೊಟ್ಟಿಗಿಯಂಗ ಬೆಚ್ಚಗಿತ್ತು. ಮೊಲಗಳ ಉಸಿರಿನಾಗ ಚಂದ್ರಿ ತಿಂತಿದ್ದ ಕಬ್ಬಿನ ಸೋಗಿ ವಾಸನಿ. ಖಾಲಿ ಬಾಯಿಲೇ ಎಲ್ಲಾ ಒಂದ ತಾಳದಾಗ ಮೆಲಕ ಹಾಕಾಕತ್ತಿದ್ವು. ಮೊಲ ಮೆಲಕ ಹಾಕ್ತಾವೇನ್ರಿ?

"ಲಸಿಕಿ ಸಲುವಾಗಿ ಕಾಕಾ, ಇಲ್ಲಂದ್ರ ಇನ್ನಷ್ಟು ದನ ಸಾಯ್ತಾವ್ರಿ" ಅಂದ್ಲು ದೀಪಾಲಿ.

"ನಿನ್ನ ಲಸಿಕಿ ಹಾಳಾಗ್ಲಿ! ಬಿಡ್ ಇವನ್ನ!" ಅಂತ ಒದರಿದೆ. ಸಂಕಟ ತಡೀಲಾರದ "ಚಂದ್ರೀ" ಅಂದಬಿಟ್ಟೆ.

ಮೆಲಕ ಗಪ್ಪನ ನಿಂತ್ಬಿಡ್ತು. ಆಕಳ ಗಂಟಲ ತುರಿಸ್ಕೊಳ್ಳಾಕ ಚಾಚ್ತದಲ್ಲ, ಹಂಗ ಎಲ್ಲಾ ಮೊಲ ಕತ್ತ ಎತ್ತಿ ನನ್ನ ಕಡೆ ಗಂಟಲ ಚಾಚಿದ್ವು.

ಮೂಲ್ಯಾಗ ಬ್ಯಾರೆ ಪಂಜರದಾಗಿನ ಮೊಲಾನೂ ಚಾಚಿತ್ತು. ಅದರ ಗಂಟಲ ಮ್ಯಾಲ ಗಂಟು ನೋಡಿ ದೀಪಾಲಿ ಮಾರಿ ಬಿಳಿಚ್ತು. "ಇದಕ್ಕ ಇನ್ನಾ ಸೂಜಿನ ಹಾಕಿಲ್ರಿ ಕಾಕಾ. ಇವತ್ತ ಮುಂಜಾನೆ ತಂದೀವಿ."

ಆದ್ರೂ ಒಂದನ್ನೂ ಬಿಡಲಿಲ್ಲ ಅಕಿ. ಈಗ ಲ್ಯಾಬಿನಾವ್ರು ಹಕ್ಕಳಿ ಕೇಳ್ಕೊಂತ ಬಾಜೂಕಿನ ಕಾಗವಾಡದಾಗ ತಿರಗ್ಯಾಡಾಕತ್ತಾರಂತ. ಯಾರೂ ಕೊಡಬ್ಯಾಡ್ರಿ, ದನ ಸಾಕಿದಾವ್ರಿಗೆಲ್ಲಾ ಈ ವಾಯ್ಸ್ ಮೆಸೇಜ್ ಇವತ್ತ ಕಳಸ್ರಿ.