ಈಶಪ್ಪನವರ ಪಡಸಾಲೆಯ ಕ್ಯಾಮೆರಾ

ಸಣ್ಣದೊಂದು ಸದ್ದು. ಸ್ಟೀಲಿಗೆ ಸ್ಟೀಲು ತಾಗಿದ ಹಾಗೆ, ತಾಗಿದ ಕೂಡಲೇ ಯಾರೋ ಅದನ್ನು ಕೈಯಿಂದ ಒತ್ತಿ ಹಿಡಿದ ಹಾಗೆ. ಮೊಬೈಲು ಎತ್ತಿ ನೋಡಿದೆ. ಹನ್ನೊಂದು ಗಂಟೆ ಹತ್ತು ನಿಮಿಷ. ರಾತ್ರಿ ಏನೇ ಸದ್ದಾದರೂ ಗಂಟೆ ನೋಡಿಕೊಳ್ಳುವುದು ನನ್ನ ಚಟ. ಎದ್ದು ಬಾಗಿಲ ಚಿಲಕ ಎಳೆದು ನೋಡಿ ಮತ್ತೆ ಮಲಗಿದೆ. ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ಏಳಕ್ಕೆ ಪಕ್ಕದ ಮನೆಯ ಈಶಪ್ಪನವರು ನಮ್ಮ ಅಂಗಳದಲ್ಲಿ ನಿಂತಿದ್ದರು.

ಆಗ ನಾನು ಸುರಪುರದಲ್ಲಿ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದೆ. ಜಹೀರುನ್ನೀಸಾ ಆಪಾ ಅವರ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಓಣಿಗೆಲ್ಲ ಅಕ್ಕನಾದ ಆಪಾ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವರು. ಯಾವ ತಂತಿ ಎಲ್ಲಿ ಕಟ್ಟಾಯಿತು ಎಂದು ಕೂತಲ್ಲಿಂದಲೇ ಹೇಳುತ್ತಿದ್ದರಂತೆ. ನಿವೃತ್ತಿಯಾದ ಮೇಲೆ ಓಣಿಯಲ್ಲಿ ಮೇಕೆ ಕಳೆದರೂ, ಹೆಸರಿಲ್ಲದ ಪತ್ರ ಬಂದರೂ ಜನ ಅವರ ಬಳಿಗೇ ಬರುತ್ತಿದ್ದರು. ಅವರು ಕೇಳುವರು, ನಾನು ಬರೆದುಕೊಳ್ಳುವೆ.

"ಆಪಾರೆ, ನಮ್ಮ ಮನ್ಯಾಗ ಕಳುವಾಗ್ಯಾದ," ಎಂದರು ಈಶಪ್ಪ. ಕಾಲುವೆ ನೀರಿನ ಹದಿನೆಂಟು ಎಕರೆ ಭತ್ತದ ಹೊಲದ ಯಜಮಾನ. ಬೇಡಿಕೊಳ್ಳುವಾಗಲೂ ಅಪ್ಪಣೆ ಕೊಟ್ಟಂತೆಯೇ ಅವರ ಮಾತು. "ತಿಜೋರಿಯೊಳಗಿನ ಚೀಲ ಹೋಗಿ ಹಿತ್ತಲ ಬಾಗಿಲ ಮೊಳಿಗೆ ನೇತಾಡಾಕತ್ತಿತ್ತು. ಹೊಲದ ಕಾಗದ ಎಲ್ಲಾ ಅದರೊಳಗ."

"ಕಾಗದ ಎಷ್ಟು ಹೋಗ್ಯಾವ?"

"ಒಂದೂ ಹೋಗಿಲ್ಲ."

"ಮತ್ತ ಕಳುವು ಎಂಥಾದು, ಈಶಪ್ಪ ಭಾಯಿ?"

"ಪಡಸಾಲಿ ಕ್ಯಾಮೆರಾ ರಾತ್ರಿ ಬಂದ್ ಆಗ್ಯಾದ್ರಿ. ಅದರ ಪಾಸ್‌ವರ್ಡ್ ಇರೋದು ನನ್ನ ಹತ್ರ, ಮಸ್ತಾನಸಾಬನ ಹತ್ರ. ನಿನ್ನಿ ಸಂಜಿ ಬಂದು ಏನೋ ಒತ್ತಿ ಹೋದ, ರಾತ್ರಿ ಕಣ್ಣು ಮುಚ್ಚಿತು. ನಾಲ್ಕು ಗಂಟೆಗೆ ಪೊಲೀಸ್ ಠಾಣೆಗೆ ಹೋಗಾಂವ. ಅದಕ್ಕ ಮೊದಲ ನೀವೊಮ್ಮೆ ನೋಡ್ರಿ."

ಮಸ್ತಾನಸಾಬ ಕ್ಯಾಮೆರಾ ಅಂಗಡಿ ಹಾಕಿ ಒಂದು ವರ್ಷ. ನಮ್ಮ ಓಣಿಯ ಒಂಬತ್ತು ಮನೆಗಳಲ್ಲಿ ಅವನದೇ ಕ್ಯಾಮೆರಾ. ಠಾಣೆಯಲ್ಲಿ ಒಂದು ಸಲ ಹೆಸರು ಬರೆಸಿಕೊಂಡರೆ ಯಾರು ಮತ್ತೆ ಅವನನ್ನು ಮನೆಯೊಳಗೆ ಬಿಟ್ಟುಕೊಳ್ಳುತ್ತಾರೆ? ಆಪಾ ಚಪ್ಪಲಿ ಮೆಟ್ಟಿದರು.

ಈಶಪ್ಪನವರದು ಹಳೇ ಕಲ್ಲಿನ ಮನೆ. ಪಡಸಾಲೆಗೂ ಅಡುಗೆಮನೆಗೂ ನಡುವೆ ಎರಡು ಮೊಳ ದಪ್ಪದ ಗೋಡೆ. ಬಾಗಿಲು ಒಂದು ಮೂಲೆಯಲ್ಲಿ, ನಡುವೆ ಒಂದೇ ಒಂದು ಅಗಲ ಕಿಂಡಿ. ಪಡಸಾಲೆಯಲ್ಲಿ ತಿಜೋರಿ, ಅದರ ಎದುರಿಗೆ ಕ್ಯಾಮೆರಾ. ವೈಫೈ ಡಬ್ಬಿ ಮಾತ್ರ ಅಡುಗೆಮನೆಯಲ್ಲಿ, ಕಿಂಡಿಯ ಪಕ್ಕದ ಹಲಗೆಯ ಮೇಲೆ. ಅದರ ತಂತಿ ಹಿತ್ತಲಿಂದ ಬಂದಿತ್ತು. ತಿಜೋರಿಯ ಕೀಲಿ ದೇವರ ಕೋಣೆಯ ಮೊಳೆಗಿರುತ್ತದೆಂದು ಮನೆಯವರಿಗೆಲ್ಲ ಗೊತ್ತು. ಅದನ್ನು ಮಸ್ತಾನನೂ ನೋಡಿದ್ದ ಎಂದು ಈಶಪ್ಪ ಒತ್ತಿ ಹೇಳಿದರು. ತಾವು ಹೊರಗೆ ಕಟ್ಟೆಯ ಮೇಲೆ ಮಲಗಿದ್ದು, ಹನ್ನೊಂದೂವರೆಗೆ ಕೆಮ್ಮು ಬಂದು ಎದ್ದು, ಪಡಸಾಲೆಗೆ ಬಂದು ಕೂತವರು ಅಲ್ಲೇ ಬೆಳಗು ಮಾಡಿದರಂತೆ.

ಹಿತ್ತಲಲ್ಲಿ ಸೊಸೆ ಮೋನಮ್ಮ ನಿಂಬೆ ಗಿಡಕ್ಕೆ ಕೊಡದಿಂದ ನೀರು ಸುರಿಯುತ್ತಿದ್ದಳು. ಬಿ.ಎಡ್. ಮಾಡಿದ ಹುಡುಗಿ. ಗಂಡ ತಿಮ್ಮಣ್ಣ ನಾರಾಯಣಪುರದ ಡ್ಯಾಮಿನ ಕ್ವಾರ್ಟರ್ಸಿನಲ್ಲಿ, ವಾರಕ್ಕೊಮ್ಮೆ ಬರುವವನು. ಹೋದ ವಾರವಷ್ಟೇ ಅವಳು ಗ್ರಂಥಾಲಯಕ್ಕೆ ಬಂದು, ಶಿಕ್ಷಕರ ನೇಮಕಾತಿಯ ದಾಖಲೆ ಪರಿಶೀಲನೆ ಯಾವತ್ತು ಎಂದು, ಮಾವನಿಗೆ ತಿಳಿಯಬಾರದೆನ್ನುತ್ತ ಮೆಲ್ಲಗೆ ಕೇಳಿದ್ದಳು. ಸೋಮವಾರ, ಯಾದಗಿರಿಯಲ್ಲಿ, ಮೂಲ ಅಂಕಪಟ್ಟಿ ಬೇಕೇ ಬೇಕು ಎಂದು ಹೇಳಿದ್ದೆ. ಈಗ ನಮ್ಮನ್ನು ಕಂಡು ಕೊಡ ಕೆಳಗಿಟ್ಟಳು.

ಅತ್ತೆ ಬಾಲಮ್ಮ ಚಹಾ ತಂದರು. ಒಂದು ಗುಟುಕು ಕುಡಿದು ನಾನು ಕಪ್ಪು ಕೆಳಗಿಟ್ಟೆ. ನಾಲಗೆಗೆ ಉಪ್ಪುಪ್ಪು.

"ಹಾಲು ಹಳೇದೇನೋ ಅನ್ನಸ್ತದವ್ವ," ಬಾಲಮ್ಮ ಸಂಕೋಚಪಟ್ಟರು. ಆಪಾ ಮಾತ್ರ ಪೂರ್ತಿ ಕುಡಿದರು, ಒಂದೊಂದೇ ಗುಟುಕು.

"ಚೀಲ ತೋರಸ್ರಿ," ಎಂದರು ಆಮೇಲೆ.

ಪಹಣಿಗಳು, ಕಾಲುವೆ ನೀರಿನ ಚೀಟಿಗಳು, ಸರ್ವೆ ನಕ್ಷೆ. ತಳದಲ್ಲೊಂದು ಖಾಲಿ ಪ್ಲಾಸ್ಟಿಕ್ ಕವರು, ಮೇಲೆ ಶಹಾಪುರದ ಬಿ.ಎಡ್. ಕಾಲೇಜಿನ ಚೀಟಿ. ಆಪಾ ಅದನ್ನು ಎರಡೂ ಕಡೆ ತಿರುಗಿಸಿ ಒಳಗೇ ಇಟ್ಟರು. ನಂತರ ಈಶಪ್ಪನವರ ಮೊಬೈಲಿನಲ್ಲಿ ಕ್ಯಾಮೆರಾದ ಆ್ಯಪ್ ತೆರೆಸಿ ನನ್ನ ಕೈಗೆ ಕೊಟ್ಟರು.

"ಕ್ಯಾಮೆರಾ ಯಾವ್ಯಾವಾಗ ಬಂದ್ ಆಗ್ಯಾದ, ಬರ್ಕೊ ಲಾಲಮ್ಮ. ಯಾರು ಮಾಡಿದ್ರು ಅನ್ನೋದು ಆಮ್ಯಾಲ."

ಬರೆದುಕೊಂಡೆ. ಆ ತಿಂಗಳ ಎರಡು, ಏಳು, ಹನ್ನೆರಡು, ಹದಿನೇಳು. ಪ್ರತಿ ಸಲ ಬೆಳಿಗ್ಗೆ ಬಂದ್ ಆಗಿ, ಎರಡು ದಿನಕ್ಕೆ ತಾನಾಗಿಯೇ ಚಾಲೂ ಆಗಿತ್ತು. ಕೊನೆಯದು ನಿನ್ನೆ, ಗುರುವಾರ ಇಪ್ಪತ್ತು: ರಾತ್ರಿ ಹನ್ನೊಂದು ಹನ್ನೆರಡಕ್ಕೆ ಹೋಗಿ, ಬೆಳಿಗ್ಗೆ ಆರು ಮೂವತ್ನಾಲ್ಕಕ್ಕೆ ಮರಳಿತ್ತು.

ಮನೆಗೆ ಬಂದ ಮೇಲೆ ಹನ್ನೊಂದು ಹತ್ತರ ಸದ್ದಿನ ವಿಷಯ ಆಪಾಗೆ ಹೇಳಿದೆ. "ಮೂರು ಗಂಟೆಗೆ ಮಸ್ತಾನನ್ನ ಅಲ್ಲಿಗೆ ಬರಾಕ ಹೇಳು," ಎಂದಷ್ಟೇ ಹೇಳಿದರು ಆಪಾ.

ಮೂರಕ್ಕೆ ಎಲ್ಲರೂ ಪಡಸಾಲೆಯಲ್ಲಿ ಕೂತಿದ್ದರು. ಮಸ್ತಾನಸಾಬ ಮಾತ್ರ ಬಾಗಿಲ ಹತ್ತಿರ ನಿಂತಿದ್ದ.

"ಮಾಲಕರೆ, ನನ್ನ ಮ್ಯಾಲ ಹಿಂಗ ಅನುಮಾನ ಮಾಡಬ್ಯಾಡ್ರಿ. ಸಿಗ್ನಲ್ ಹೋಗ್ತದಂತ ನೀವ ಕರೆಸಿದ್ರಿ, ನೋಡಾಕ ಬಂದೆ. ಚಲೋ ನಡೆದಿತ್ತು, ಹಂಗ ಹೋದೆ."

"ನೀ ಬಂದಾಗೆಲ್ಲ ಚಲೋನೇ ಇರ್ತದಲ್ಲೋ," ಈಶಪ್ಪ ಚುಚ್ಚಿದರು. "ನೀ ಹೋದ ಮ್ಯಾಲ ಅದಕ್ಕ ನಿದ್ದಿ ಬರ್ತದ."

"ಅದ ಇದರ ಗುಟ್ಟು," ಎಂದರು ಆಪಾ. "ಲಾಲಮ್ಮ, ಹಿತ್ತಲ ಡ್ರಮ್ಮಿನಿಂದ ನಾಲ್ಕು ಕೊಡ ತುಂಬಿ ಕಿಂಡ್ಯಾಗ ಇಡು. ಮಸ್ತಾನ, ನೀ ಕ್ಯಾಮೆರಾದ ಹತ್ರ ನಿಂತು ಮೊಬೈಲಿನಾಗ ವೈಫೈ ಕಡ್ಡಿ ಎಣಿಸು."

ಮೊದಲ ಕೊಡ ಇಟ್ಟೆ. "ಮೂರು ಕಡ್ಡಿ ಅವರಿ," ಎಂದ. ಎರಡನೆಯದು, ಮೂರನೆಯದು. ನಾಲ್ಕನೆಯದಿಡುವಾಗ ಕೊಡಕ್ಕೆ ಕೊಡ ತಾಗಿತು. ರಾತ್ರಿ ಕೇಳಿದ ಸದ್ದೇ ಅದು.

"ಹೋತ್ರಿ. ಒಂದೂ ಕಡ್ಡಿ ಇಲ್ಲ." ಕ್ಯಾಮೆರಾದ ನೀಲಿ ದೀಪ ಕೆಂಪಾಗಿ ಮಿಟುಕತೊಡಗಿತು.

"ಈ ಗೋಡಿ ದಾಟಾಕ ಸಿಗ್ನಲಿಗೆ ಇರೋದು ಇದೊಂದ ದಾರಿ," ಆಪಾ ಹೇಳಿದರು. "ಸ್ಟೀಲು, ಅದರೊಳಗ ನೀರು, ಎರಡೂ ಅಡ್ಡ ನಿಂತವು. ನಮ್ಮ ಓಣಿಗೆ ನಳ ಬರೋದು ಐದು ದಿನಕ್ಕೊಮ್ಮೆ. ಎರಡು, ಏಳು, ಹನ್ನೆರಡು, ಹದಿನೇಳು. ಅವತ್ತ ಬಾಲಮ್ಮ ಕೊಡ ತುಂಬಿ ಕಿಂಡ್ಯಾಗ ಸಾಲಾಗಿ ಇಡ್ತಾರ, ಕ್ಯಾಮೆರಾ ಬಂದ್. ಎರಡು ದಿನಕ್ಕ ಕೊಡ ಖಾಲಿ, ಹೊರಗ ಬೋರಲು ಹಾಕ್ತಾರ, ಕ್ಯಾಮೆರಾ ಚಾಲೂ. ಮಸ್ತಾನ, ನೀ ಫೋನ್ ಮಾಡಿದ ಎಷ್ಟು ದಿನಕ್ಕ ಬರ್ತಿ?"

ಮಸ್ತಾನ ತಲೆ ಕೆರೆದುಕೊಂಡ. "ಮೂರು ದಿನಕ್ಕರಿ. ಯಾವತ್ತೂ ಕೊಡ ನೋಡ್ಲೇ ಇಲ್ಲ. ಡಬ್ಬಿ ಅಲ್ಲಿಟ್ಟಿದ್ದ ನನ್ನ ತಪ್ಪು."

"ಇವ ಪಾಸ್‌ವರ್ಡಿನಿಂದ ಬಂದ್ ಮಾಡಿದ್ರ ಬೆಳಿಗ್ಗಿ ತಾನಾಗೇ ಹೆಂಗ ಬರ್ತಿತ್ತು? ಕೊಡ ಎತ್ತಿದ ಕೂಡಲೇ ಬಂತು," ಆಪಾ ಈಶಪ್ಪನವರ ಕಡೆ ತಿರುಗಿದರು.

"ಆದ್ರ ಆಪಾ," ಬಾಲಮ್ಮ ತಡೆದರು, "ಗುರುವಾರ ನಳ ಬಂದಿಲ್ಲ. ನಾಳಿಗಿ ಬರ್ತದ."

ಮೋನಮ್ಮ ನೆಲ ನೋಡುತ್ತಿದ್ದಳು.

"ಹೌದು," ಎಂದರು ಆಪಾ. "ಮುಂಜಾನಿ ಚಾ ಯಾವ ನೀರಿಂದ ಮಾಡಿದ್ರಿ?"

"ಕಿಂಡ್ಯಾಗ ಕೊಡ ತುಂಬಿದ್ವು. ಅದರಾಗಿಂದ..." ಬಾಲಮ್ಮ ಅಲ್ಲಿಗೇ ನಿಲ್ಲಿಸಿದರು.

"ಅದು ಬೋರಿನ ಸವಳು ನೀರು. ಮುಸುರಿ ತಿಕ್ಕೋ ನೀರು. ಅದಕ್ಕ ಚಾ ಉಪ್ಪಾತು. ನಳ ಬರದ ದಿನ ಬೇಕಂತಲೇ ಯಾರೋ ರಾತ್ರಿ ಕೊಡ ತುಂಬಿ ಅಡ್ಡ ಇಟ್ಟಾರ. ಹೊರಗಿನವರಿಗೆ ಈ ಕೊಡದ ಲೆಕ್ಕ ತಿಳಿಯೋದಿಲ್ಲ. ತಿಜೋರಿ ತೆಗೆದು, ಚೀಲ ಹಿತ್ತಲ ಬೆಳಕಿಗೆ ಒಯ್ದು, ಬೇಕಾದ್ದು ತಗೊಂಡಾರ. ತಿರುಗಿ ಇಡಬೇಕಂದ್ರ, ಈಶಪ್ಪ ಭಾಯಿ, ನೀವು ಕೆಮ್ಮಿ ಎದ್ದು ಪಡಸಾಲಿಗೆ ಬಂದು ಕುಂತ್ರಿ. ಅದಕ್ಕ ಚೀಲ ಮೊಳಿಗೆ ಉಳೀತು."

"ಯಾರದು?" ಈಶಪ್ಪ ಎದ್ದು ನಿಂತರು.

"ಹೇಳ್ತೀನಿ. ಮೊದಲ ನೀವು ಹೇಳ್ರಿ, ಏನು ಹೋಗ್ಯಾದ?" ಆಪಾ ಚೀಲದಿಂದ ಖಾಲಿ ಕವರು ತೆಗೆದು ಅವರ ಮುಂದಿಟ್ಟರು. "ಇದರೊಳಗ ಏನಿತ್ತು, ಅದು ಯಾರ ಹೆಸರಿಂದು, ನಿಮ್ಮ ತಿಜೋರಿಯೊಳಗ ಕೀಲಿ ಹಾಕಿ ಯಾಕ ಇಟ್ಟಿದ್ರಿ. ಕಂಪ್ಲೇಂಟಿನಾಗ ಈ ಮೂರೂ ಬರೀಬೇಕಾಗ್ತದ."

ಈಶಪ್ಪ ಕವರನ್ನೇ ನೋಡಿದರು. ಆಮೇಲೆ ನಿಧಾನವಾಗಿ ಸೊಸೆಯ ಕಡೆ ತಿರುಗಿದರು. ಮೋನಮ್ಮನ ತುಟಿ ಅಲುಗಿತು.

"ಕೊಡ ನಾನ ತುಂಬಿದ್ದೆ," ಎಂದರು ಬಾಲಮ್ಮ.

ಈಶಪ್ಪ ಹೆಂಡತಿಯ ಕಡೆ ಹೊರಳಿದರು.

"ನೀನಾ?"

"ನಾನ. ನಳ ಬರ್ತದಂತ ದಿನ ತಪ್ಪಿ ತಿಳ್ಕೊಂಡೆ, ಬರಲಿಲ್ಲ, ಬೋರಿನ ನೀರು ತುಂಬಿಟ್ಟೆ. ಚೀಲಾನೂ ನಾನ ತೆಗೆದೆ. ಠಾಣ್ಯಾಗ ನನ್ನ ಹೆಸರು ಬರಸ್ರಿ."

ತಾವೇ ಸವಳು ನೀರು ತುಂಬಿಟ್ಟವರು ಅದೇ ಕೊಡದಿಂದ ಮುಂಜಾನೆ ಚಹಾಕ್ಕೆ ನೀರು ತೆಗೆಯುವುದುಂಟೆ? ಅದು ನನಗೆ ಹೊಳೆಯಿತು, ಆಪಾಗೆ ನನಗಿಂತ ಮೊದಲೇ ಹೊಳೆದಿತ್ತು, ಈಶಪ್ಪನವರಿಗೂ ಹೊಳೆಯಿತೆಂದು ಅವರ ಮುಖ ಹೇಳಿತು. ಗೋಡೆಯ ಗಡಿಯಾರ ನಾಲ್ಕು ಹೊಡೆಯಿತು. ಅವರು ಖಾಲಿ ಕವರನ್ನು ಮಡಚಿ ಚೀಲಕ್ಕೆ ಹಾಕಿ, ಚೀಲವನ್ನು ತಿಜೋರಿಯಲ್ಲಿಟ್ಟು ಕೀಲಿ ತಿರುಗಿಸಿದರು.

"ಏನೂ ಹೋಗಿಲ್ಲ," ಎಂದರು. ಮಸ್ತಾನನ ಮುಖ ನೋಡದೆ, "ಆ ಡಬ್ಬಿ ಕಿತ್ತಿ ಈ ಕಡಿ ಮ್ಯಾಲ ಕಟ್ಟು. ಕೂಲಿ ತಗೊಂಡು ಹೋಗು."

"ಕೂಲಿ ಬ್ಯಾಡ್ರಿ ಮಾಲಕರೆ. ಓಣ್ಯಾಗ ನೀವ ಒಂದು ಮಾತು ಹೇಳ್ರಿ, ಸಾಕು."

"ಹೇಳ್ತೀನಿ," ಎಂದರು ಈಶಪ್ಪ.

ಭಾನುವಾರ ಸಂಜೆ ನಾರಾಯಣಪುರದಿಂದ ಬಂದ ತಿಮ್ಮಣ್ಣ ನಮ್ಮ ಮೆಟ್ಟಿಲ ಬುಡದಲ್ಲಿ ನಿಂತು ಕೇಳಿದ. "ಅಕ್ಕಾರೆ, ನಮ್ಮ ಮನ್ಯಾಗ ಏನು ನಡೀತು? ಅಪ್ಪ ಬಾಯಿ ಬಿಡವಲ್ಲ, ಅವ್ವ ನಗತಾಳ. ಎಲ್ಲಾ ಬರ್ಕೊಳ್ಳೋರು ನೀವು."

"ಕೊಡ ಅಡ್ಡ ನಿಂತಿದ್ವಪ್ಪ, ಕ್ಯಾಮೆರಾ ಬಂದ್ ಆಗಿತ್ತು. ಮಸ್ತಾನ ಸರಿ ಮಾಡ್ಯಾನ."

ಅದು ಸುಳ್ಳಲ್ಲ. ಉಳಿದದ್ದನ್ನು ಯಾರಿಗೂ ಹೇಳುವುದಿಲ್ಲವೆಂದು ಅವನಿಗೆ ಉತ್ತರಿಸುವಾಗಲೇ ನಿಶ್ಚಯಿಸಿಕೊಂಡೆ. ಹೇಳಬೇಕಾದರೆ ಮೋನಮ್ಮನೇ ಹೇಳಲಿ.

ಸೋಮವಾರ ಇನ್ನೂ ಕತ್ತಲಿರುವಾಗ ಪಕ್ಕದ ಮನೆಯ ಗೇಟಿನ ಚಿಲಕ ಸರಿಯಿತು. ಬಸ್ ನಿಲ್ದಾಣದ ಕಡೆ ಹೋಗುವ ಹೆಜ್ಜೆಗಳು, ಇಬ್ಬರವು. ಒಂದು ಸರಸರ, ಒಂದು ಬಾಲಮ್ಮನ ವಯಸ್ಸಾದ ಹೆಜ್ಜೆ. ಕೈ ತಾನಾಗಿ ಮೊಬೈಲಿನ ಕಡೆ ಹೋಯಿತು. ಅದನ್ನು ಬೋರಲು ಹಾಕಿದೆ. ಗಂಟೆ ಎಷ್ಟಾಗಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ.