ಕತ್ತರಿಸಿ ಎಸೆದ ಮಾತು

ನಂಜನಗೂಡಿನ ಗುರುಮಲ್ಲಪ್ಪನವರ ನಡುಮನೆಯಲ್ಲಿ ನೆರಳುದನಿ ಶೋಧಕವು ಬೆಳಗಿನಿಂದ ಕೆಲಸ ಮಾಡುತ್ತಲೇ ಇತ್ತು. ನೋಡಲು ಅದೇನೂ ದೊಡ್ಡ ಯಂತ್ರವಲ್ಲ, ಹೊಲಿಗೆ ಯಂತ್ರದಷ್ಟು ಗಾತ್ರ. ಒಂದು ಪಕ್ಕದ ಚಕ್ರದಿಂದ ಕಂದುಬಣ್ಣದ ಟೇಪು ಬಿಚ್ಚಿಕೊಂಡು, ನಡುವಿನ ಗಾಜಿನ ಸಂದಿಯಲ್ಲಿ ಹಾದು, ಇನ್ನೊಂದು ಪಕ್ಕದ ಚಕ್ರಕ್ಕೆ ಸುತ್ತಿಕೊಳ್ಳುತ್ತಿತ್ತು. ಸದ್ದು ಮಾತ್ರ ಇಲ್ಲ. ಯಂತ್ರದ ಮೇಲಿದ್ದ ಪುಟ್ಟ ತೆರೆಯಲ್ಲಿ ಒಂದು ಹಸಿರು ಗೆರೆ ನೆಟ್ಟಗೆ ಮಲಗಿತ್ತು. ಅದು ಒಮ್ಮೆಯಾದರೂ ಎದ್ದು ಕುಣಿದೀತೇ ಎಂದು ಗುರುಮಲ್ಲಪ್ಪನವರು ಕನ್ನಡಕವನ್ನು ಪಂಚೆಯ ಅಂಚಿನಲ್ಲಿ ಒರೆಸಿ ಒರೆಸಿ ನೋಡುತ್ತಿದ್ದರು. ಗೆರೆ ಜಪ್ಪಯ್ಯ ಅನ್ನಲಿಲ್ಲ.

ಯಂತ್ರವನ್ನು ತಂದವಳು ಮೈಸೂರಿನ ಧ್ವನಿ ಸಂಶೋಧನಾಲಯವೊಂದರ ವಿಜ್ಞಾನಿ ಡಾ. ಚಾರ್ವಿ. ಅದನ್ನು ಕಂಡುಹಿಡಿದ ತಂಡದಲ್ಲಿ ಅವಳೂ ಒಬ್ಬಳು. ಅದರ ತತ್ತ್ವ ಸರಳ. ಹಳೆಯ ಕಾಲದ ಟೇಪಿನ ಮೇಲೆ ಕಬ್ಬಿಣದ ತುಕ್ಕಿನಂಥ ಪುಡಿಯ ಲೇಪವಿರುತ್ತದೆ. ಹಾಡಿದ್ದು, ಆಡಿದ್ದು ಎಲ್ಲವೂ ಆ ಪುಡಿಯಲ್ಲಿ ಕಾಂತಶಕ್ತಿಯಾಗಿ ಉಳಿಯುತ್ತದೆ. ಟೇಪನ್ನು ಸುತ್ತಿಟ್ಟಾಗ ಒಂದು ಪದರದ ಮೇಲೆ ಇನ್ನೊಂದು ಪದರ ಕೂರುತ್ತದಲ್ಲ, ಆಗ ಒಂದರ ಕಾಂತಶಕ್ತಿ ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ಒಂದಿಷ್ಟು ಅಂಟಿಕೊಳ್ಳುತ್ತದೆ. ಹಾಡು ಶುರುವಾಗುವ ಮುಂಚೆಯೇ ಅದರ ಸಣ್ಣ ಮಾರ್ದನಿ ಕೇಳಿಸುವುದು ಇದರಿಂದಲೇ. ಹಿಂದಿನವರು ಇದನ್ನೊಂದು ಕಾಟ ಎಂದು ಬೈದುಕೊಳ್ಳುತ್ತಿದ್ದರು. ಚಾರ್ವಿಯ ತಂಡ ಇದಕ್ಕೆ ‘ನೆರಳುದನಿ’ ಎಂದು ಹೆಸರಿಟ್ಟು, ಅದನ್ನು ಓದುವ ಯಂತ್ರವನ್ನೇ ಮಾಡಿತು.

ಅದರ ಉಪಯೋಗ ಇಷ್ಟು. ಆ ಕಾಲದಲ್ಲಿ ಟೇಪಿನಲ್ಲಿ ಬೇಡದ ಭಾಗವಿದ್ದರೆ ಅದನ್ನು ಬ್ಲೇಡಿನಿಂದ ಕತ್ತರಿಸಿ, ಉಳಿದ ಎರಡು ತುದಿಗಳನ್ನು ಅಂಟಿಸುತ್ತಿದ್ದರು. ಕತ್ತರಿಸಿದ ತುಂಡು ಕಸಕ್ಕೆ ಹೋಯಿತು, ನಿಜ. ಆದರೆ ಅದು ಹೋಗುವ ಮುಂಚೆ ತನ್ನ ಮೇಲಿನ ಮತ್ತು ಕೆಳಗಿನ ಪದರಗಳಲ್ಲಿ ನೆರಳು ಬಿಟ್ಟು ಹೋಗಿರುತ್ತದೆ. ಆ ನೆರಳುಗಳನ್ನು ಹೆಕ್ಕಿ ಜೋಡಿಸಿದರೆ ಎಸೆದ ಮಾತನ್ನು ಮತ್ತೆ ಕೇಳಬಹುದು. ಸುದ್ದಿ ಹೊರಬಿದ್ದಾಗ ಇತಿಹಾಸಕಾರರು ಕುಣಿದಾಡಿದರು. ಗುರುಮಲ್ಲಪ್ಪನವರು ಕುಣಿಯಲಿಲ್ಲ, ಅವರಿಗೆ ಎಂಬತ್ತು ದಾಟಿತ್ತು. ಸಂಶೋಧನಾಲಯಕ್ಕೆ ದಿನಾ ಫೋನು ಮಾಡಿ ಮಾಡಿ ಚಾರ್ವಿಯನ್ನು ಮನೆಗೇ ಕರೆಸಿಕೊಂಡರು.

ಅವರ ಮನೆಯನ್ನು ಮನೆ ಎನ್ನುವುದಕ್ಕಿಂತ ಸ್ಪೂಲ್ ಟೇಪ್ ರೆಕಾರ್ಡರುಗಳ ಛತ್ರ ಎಂದರೆ ಸರಿ. ವಯಸ್ಸಿನಲ್ಲಿ ಮದುವೆ ಮುಂಜಿಗಳಿಗೆ ಮೈಕ್‌ಸೆಟ್ ಹಾಕುತ್ತಿದ್ದವರು. ಬಾಗಿಲು ಮುಚ್ಚಿದ ನಾಟಕ ಕಂಪನಿಯೊಂದರಿಂದ ಮೊದಲ ಯಂತ್ರ ತಂದರು. ಊರೆಲ್ಲ ಕ್ಯಾಸೆಟ್ಟಿಗೆ ಬಿದ್ದಾಗಲೂ ಇವರು ಸ್ಪೂಲನ್ನು ಬಿಡಲಿಲ್ಲ. ಆಮೇಲೆ ಒಂದರ ಹಿಂದೆ ಒಂದು ಬಂದು ಸೇರಿದವು. ಇಬ್ಬರು ಹಿಡಿದರೂ ಏಳದಂಥವು, ಬಿಸಿಯಾಗಲು ಕಾಫಿ ಕುಡಿದು ಮುಗಿಸುವಷ್ಟು ಹೊತ್ತು ತೆಗೆದುಕೊಳ್ಳುವಂಥವು, ಒಂದೊಂದಕ್ಕೂ ಒಂದೊಂದು ಗುಣ. ಇದು ಮುನಿಸಿನದು, ಅದು ಸಾಧು ಎಂದು ಅವರು ಮಕ್ಕಳ ಬಗ್ಗೆ ಹೇಳುವ ಹಾಗೆ ಹೇಳುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ.

ಹೆಂಡತಿ ಪುಟ್ಟತಾಯಿ ಸುತ್ತಿನ ಊರುಗಳಲ್ಲಿ ಸೋಬಾನೆ ಹಾಡಲು ಹೆಸರಾದವಳು. ಅವಳು ಹಾಡು ಎತ್ತಿಕೊಟ್ಟರೆ ಉಳಿದ ಹೆಂಗಸರು ಸೊಲ್ಲು ಹಿಡಿಯುತ್ತಿದ್ದರು. ಗುರುಮಲ್ಲಪ್ಪನವರು ಅದನ್ನೆಲ್ಲ ಟೇಪಿಗೆ ಹಿಡಿದು, ಬೇರೆ ಮದುವೆಗಳಲ್ಲಿ ಹಾರ್ನಿನಲ್ಲಿ ಹಾಕುತ್ತಿದ್ದರು. ಆದರೆ ಪುಟ್ಟತಾಯಿಗೆ ಒಂದು ಅಭ್ಯಾಸ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವವರೆಗೆ ಬಾಯಿ ಸುಮ್ಮನಿರುತ್ತಿರಲಿಲ್ಲ. ಬೀಗರನ್ನು ಛೇಡಿಸುವುದು, ಎಲೆ ಅಡಿಕೆ ಕೇಳುವುದು, ನಗುವುದು. ಗುರುಮಲ್ಲಪ್ಪನವರಿಗೆ ಹಾಡು ಸ್ವಚ್ಛವಾಗಿರಬೇಕು. ಮಳೆಗಾಲದಲ್ಲಿ ಕೆಲಸವಿಲ್ಲದಾಗ ಬ್ಲೇಡು ಹಿಡಿದು ಕೂರುತ್ತಿದ್ದರು. ಹಾಡು ಮುಗಿದಲ್ಲಿ ಪೆನ್ಸಿಲಿನ ಒಂದು ಗುರುತು. ಟೇಪನ್ನು ಸರ್ರನೆ ಓಡಿಸಿ, ಮುಂದಿನ ಹಾಡು ಹಿಡಿದಲ್ಲಿ ಇನ್ನೊಂದು ಗುರುತು. ನಡುವಿನದ್ದನ್ನು ಕೇಳುವ ಗೋಜಿಗೇ ಹೋಗದೆ ಕತ್ತರಿಸಿ ಹಾಕುತ್ತಿದ್ದರು. ಆ ತುಂಡುಗಳನ್ನು ರೈತರು ಒಯ್ದು ಜೋಳದ ಹೊಲದಲ್ಲಿ ಕಟ್ಟುತ್ತಿದ್ದರು. ಗಾಳಿಗೆ ಪರಪರ ಎನ್ನುತ್ತ ಪುಟ್ಟತಾಯಿಯ ಮಾತು ಹಕ್ಕಿ ಓಡಿಸುತ್ತಿತ್ತು.

ಮದುವೆಯಾದ ಹತ್ತು ವರ್ಷಕ್ಕೆ ಪುಟ್ಟತಾಯಿ ಜ್ವರ ಬಂದು ತೀರಿಕೊಂಡಳು. ಕೈಗೊಂದು ಮೊಬೈಲು ಬಂದ ಕಾಲವಲ್ಲ ಅದು. ಗಂಟೆಗಟ್ಟಲೆ ಅವಳ ಹಾಡು ಉಳಿಯಿತು, ಅವಳಾಡಿದ ಒಂದೇ ಒಂದು ಮಾತು ಉಳಿಯಲಿಲ್ಲ. ಹಾಡುವಾಗಿನ ದನಿ ಬೇರೆ, ಕಾಫಿಗೆ ಕರೆಯುವ ದನಿ ಬೇರೆ. ಮೊದಮೊದಲು ಆ ಎರಡನೆಯ ದನಿ ಕಿವಿಯೊಳಗೇ ಇತ್ತು. ವರ್ಷ ಕಳೆದಂತೆ ಅದು ಜಾರಿತು. ಅದನ್ನು ಮತ್ತೊಮ್ಮೆ ಕೇಳಬೇಕು ಎನ್ನುವುದೊಂದೇ ಗುರುಮಲ್ಲಪ್ಪನವರ ಆಸೆ, ಬೇರೆ ಯಾವ ಆಸೆಯೂ ಅವರಿಗೆ ಉಳಿದಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಚಾರ್ವಿ ಯಂತ್ರವನ್ನು ನಿಲ್ಲಿಸಿದಳು.

“ತಾತ, ವಿಚಿತ್ರ ಇದು. ಅಂಟಿಸಿರೋ ಜಾಗ ಎಲ್ಲ ಚೆನ್ನಾಗಿ ಕಾಣ್ತಿದೆ. ಆದ್ರೆ ಒಂದ್ರಲ್ಲೂ ನೆರಳೇ ಇಲ್ಲ. ಈ ಟೇಪುಗಳನ್ನ ಹೇಗೆ ಇಟ್ಕೊಂಡಿದ್ರಿ?”

ಗುರುಮಲ್ಲಪ್ಪನವರ ಎದೆ ಉಬ್ಬಿತು. “ಮಗೀನಂಗೆ ಇಟ್ಕೊಂಡಿವ್ನಿ ಕನವ್ವ. ತಂಪಾಗಿರೋ ಬೀರು. ವರ್ಷ ವರ್ಷ ಆಯುಧಪೂಜೆ ದಿನ ಎಲ್ಲಾನೂ ಈಚೆ ತೆಗ್ದು, ಒಂದೊಂದು ಸುರುಳೀನೂ ಆ ತುದಿಯಿಂದ ಈ ತುದಿಗಂಟ ಬಿಚ್ಚಿ ಮತ್ತೆ ಸುತ್ತಿ, ಮಿಷನ್‌ಗೆ ಕುಂಕುಮ ಇಟ್ಟು, ಆಮೇಲೇ ನನ್ಗೆ ಊಟ. ಒಂದು ವರ್ಷನೂ ತಪ್ಪಿಸಿಲ್ಲ.”

ಚಾರ್ವಿ ಸುರುಳಿಯನ್ನು ಯಂತ್ರದಿಂದ ಮೆಲ್ಲಗೆ ಬಿಡಿಸಿ ಕೆಳಗಿಟ್ಟಳು.

“ತಾತ, ನೆರಳುದನಿ ತುಂಬಾ ಸೂಕ್ಷ್ಮ. ಟೇಪು ಅಲುಗಾಡದೆ ಬಿದ್ದಿದ್ರೆ ಮಾತ್ರ ಉಳಿಯುತ್ತೆ. ಬಿಚ್ಚಿ ಸುತ್ತಿದಾಗೆಲ್ಲ ಒಂಚೂರು ಉದುರಿಹೋಗುತ್ತೆ. ನೀವು ಐವತ್ತು ವರ್ಷ ಪೂಜೆ ಮಾಡಿದೀರಿ.”

“ಅಂದ್ರೆ?”

“ಅಂದ್ರೆ... ನೀವು ಚೆನ್ನಾಗಿ ನೋಡ್ಕೊಂಡಿದ್ದೇ ತೊಂದ್ರೆ ಆಯ್ತು.”

ಗುರುಮಲ್ಲಪ್ಪನವರು ಎದ್ದು ಹೋಗಿ ಬೀರುವಿನ ಬಾಗಿಲು ಹಾಕಿದರು. ಮತ್ತೆ ತೆಗೆದರು, ಮತ್ತೆ ಹಾಕಿದರು. ಅವರಿಗೆ ಅಳು ಬಂದಿತ್ತು. ಅದನ್ನು ಸಿಟ್ಟು ಎಂದು ತೋರಿಸಿಕೊಳ್ಳಲು ಏನಾದರೂ ಕೆಲಸ ಬೇಕಾಗಿತ್ತು.

“ಹಾಡಿರೋದ್ರಿಂದಲೇ ಅವರು ಮಾತಾಡಿದ ಹಾಗೆ ಮಾಡೋ ತಂತ್ರಾಂಶ ಇದೆ ತಾತ,” ಎಂದಳು ಚಾರ್ವಿ ಮೆಲ್ಲಗೆ. “ಒಂದು ನಿಮಿಷದ ಕೆಲಸ.”

“ಅದು ಅವ್ಳು ಆಡ್ದೆ ಇರೋ ಮಾತ ಆಡ್ತದೆ. ನಂಗೆ ಬ್ಯಾಡ.”

ಚಾರ್ವಿ ಯಂತ್ರವನ್ನು ಪೆಟ್ಟಿಗೆಗೆ ಸೇರಿಸುತ್ತ, ಕೇಳಬಾರದೇನೋ ಎಂಬ ಅಳುಕಿನಲ್ಲೇ ಕೇಳಿದಳು. “ನೀವು ನೋಡ್ಕೊಳ್ದೆ ಬಿಟ್ಟ ಟೇಪು ಯಾವುದಾದ್ರೂ ಇದ್ಯಾ? ಮೂಲೇಲಿ ಬಿದ್ದಿರೋದು?”

“ನಂದು ಮೂಲೇಲಿ ಬೀಳದಾ?” ಎಂದು ಗುರುಮಲ್ಲಪ್ಪನವರು ಸಿಡುಕಿದರು. ಸಿಡುಕಿದವರಿಗೆ ತಟ್ಟನೆ ನೆನಪಾಯಿತು. ಒಂದಿತ್ತು. ಆದರೆ ಅದು ಈ ಮನೆಯಲ್ಲಿರಲಿಲ್ಲ.

ಅದು ಪುಟ್ಟತಾಯಿಯ ತಮ್ಮ ಷಡಕ್ಷರಿಯ ಮದುವೆಯ ಸೋಬಾನೆ. ತವರಿನವರು ಇಟ್ಟುಕೊಂಡು ಕೇಳಲಿ ಎಂದು ಎಂದಿನಂತೆ ಕತ್ತರಿಸಿ ಅಂಟಿಸಿ ಕಳಿಸಿದ್ದು, ಅಷ್ಟರಲ್ಲಿ ಪುಟ್ಟತಾಯಿ ಹೋದಳು. ತಿಥಿ ಮುಗಿದ ಮೇಲೆ ಗುರುಮಲ್ಲಪ್ಪನವರು ಟೇಪು ವಾಪಸ್ ಕೇಳಿದರು. ಷಡಕ್ಷರಿ ಕೊಡುವುದಿಲ್ಲ ಎಂದ. ಮಾತಿಗೆ ಮಾತು ಬೆಳೆದು, ನಿನ್ನ ಮನೆ ಹೊಸಿಲು ತುಳಿಯುವುದಿಲ್ಲ ಎಂದು ಇವರು ಎದ್ದು ಬಂದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ‘ಆ ಸುರುಳಿ ಅವನ ಕೈಲಿ ಹಾಳಾಗಿ ಹೋಯಿತು’ ಎಂದು ಗುರುಮಲ್ಲಪ್ಪನವರು ಕಂಡಕಂಡವರ ಮುಂದೆ ಹೇಳಿಕೊಂಡು ತಿರುಗಿದ್ದರು. ಅದು ಹಾಳಾಗಿ ಬಿದ್ದಿರಲಿ ಎಂದು ಈಗ ಮೊದಲ ಸಲ ಬೇಡಿಕೊಂಡರು.

ಮರುದಿನ ಚಾರ್ವಿಯ ಚಾಲಕನಿಲ್ಲದ ಕಾರು ಇಬ್ಬರನ್ನೂ ಕೂರಿಸಿಕೊಂಡು ಷಡಕ್ಷರಿಯ ಊರಾದ ತೆರಕಣಾಂಬಿಗೆ ಹೊರಟಿತು. ದಾರಿಯುದ್ದಕ್ಕೂ ಗುರುಮಲ್ಲಪ್ಪನವರು ಷಡಕ್ಷರಿಗೆ ಹೇಳಬೇಕಾದ ಮಾತನ್ನು ಅಭ್ಯಾಸ ಮಾಡಿದರು. ಬೈದು ಕೇಳುವುದೋ, ಬೇಡಿ ಕೇಳುವುದೋ ತೀರ್ಮಾನವಾಗುವಷ್ಟರಲ್ಲಿ ಕಾರು ನಿಂತಿತು. ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದ ಮುದುಕನನ್ನು ಇವರು ಗುರುತಿಸಲೇ ಇಲ್ಲ. ಮೂಗು ಮಾತ್ರ ಪುಟ್ಟತಾಯಿಯದೇ.

“ಬಾ ಭಾವ,” ಎಂದರು ಷಡಕ್ಷರಿ, ನಿನ್ನೆ ಸಂಜೆ ಬಂದು ಹೋದವರನ್ನು ಕರೆಯುವ ಹಾಗೆ. “ಕೂತ್ಕೊ. ಮಂಡಿ ನೋವೇನೋ ನಿಂಗೂ.”

ಅಭ್ಯಾಸ ಮಾಡಿದ ಮಾತೆಲ್ಲ ಗುರುಮಲ್ಲಪ್ಪನವರಿಗೆ ಮರೆತುಹೋಯಿತು. “ಆ ಟೇಪು ಅದ್ಯಾ ಷಡಕ್ಷರಿ?” ಎಂದಷ್ಟೇ ಕೇಳಿದರು.

“ಅದೆ.”

“ಹಾಕ್ಕೊಂಡು ಕೇಳಿದ್ಯಾ?”

“ಎಲ್ಲಿ ಕೇಳಾನ? ನಂತಾವ ಮಿಷನ್ ಎಲ್ಲಿತ್ತು? ನೀನೇ ಬಂದು ಹಾಕ್ತೀನಿ ಅಂದಿದ್ದೆ. ಅಷ್ಟರಲ್ಲಿ ಅಕ್ಕ ಹೋಗ್ಬುಟ್ಲು. ಆಮೇಲೆ ಕೇಳಕ್ಕೆ ಧೈರ್ಯನೂ ಬರ್ನಿಲ್ಲ, ಕೊಡಕ್ಕೆ ಮನಸ್ಸೂ ಬರ್ನಿಲ್ಲ.” ಷಡಕ್ಷರಿ ಬೀದಿಯ ಕಡೆ ನೋಡುತ್ತ ಹೇಳಿದರು. “ಅಕ್ಕನ್ನ ನಿಮ್ಮನೆಗೆ ಕಳಿಸ್ಕೊಟ್ಟಿದ್ದೊ ಭಾವ. ವಾಪಸ್ ಬಂದದ್ದು ಇದೊಂದೇಯ.”

ಗುರುಮಲ್ಲಪ್ಪನವರಿಗೆ ಇದು ಎಂದೂ ಹೊಳೆದಿರಲಿಲ್ಲ. ಅವರು ತಮ್ಮ ಟೇಪು ತಮಗೆ ಸೇರಬೇಕು ಎಂದಷ್ಟೇ ಇಷ್ಟು ಕಾಲ ಹಟ ಹಿಡಿದಿದ್ದರು. “ನಂದೇ ತಪ್ಪು ಕಣಪ್ಪ,” ಎಂದರು.

ಟೇಪು ಒಳಕೋಣೆಯ ತಗಡಿನ ಟ್ರಂಕಿನಲ್ಲಿ, ಹಳೆಯ ಸೀರೆಯೊಂದರ ತುಂಡಿನಲ್ಲಿ ಸುತ್ತಿಕೊಂಡು ಬಿದ್ದಿತ್ತು. ಮೇಲೆ ಶೀಟಿನ ಸೂರು, ಬೇಸಿಗೆಯಲ್ಲಿ ಕಾದ ಹೆಂಚಿನಂಥ ಕೋಣೆ. ಸುರುಳಿಯ ರಟ್ಟಿನ ಡಬ್ಬಿಗೆ ಇಲಿ ಹಲ್ಲು ಹಾಕಿತ್ತು. ಗುರುಮಲ್ಲಪ್ಪನವರು ಕಣ್ಣು ಮುಚ್ಚಿಕೊಂಡರು. ಚಾರ್ವಿಯ ಮುಖ ಮಾತ್ರ ಅರಳಿತು.

“ತಾತ, ಇದನ್ನ ಯಾರೂ ಬಿಚ್ಚಿಲ್ಲ, ಮೊದಲೇ ಬಿದ್ದಿದ್ದ ನೆರಳು ಬಿಸಿಗೆ ಇನ್ನೂ ಗಟ್ಟಿಯಾಗಿ ಕೂತಿರುತ್ತೆ. ಇದಕ್ಕಿಂತ ಕೆಟ್ಟದಾಗಿ ಇಡೋಕೆ ಸಾಧ್ಯನೇ ಇರ್ಲಿಲ್ಲ,” ಎಂದಳು. ಷಡಕ್ಷರಿಗೆ ಇದು ಹೊಗಳಿಕೆಯೋ ಬೈಗುಳವೋ ಗೊತ್ತಾಗಲಿಲ್ಲ.

ಶೋಧಕವನ್ನು ಜಗಲಿಯ ಮೇಲೆ ಇಟ್ಟರು. ಟೇಪು ಗಾಜಿನ ಸಂದಿಯಲ್ಲಿ ಹೊಕ್ಕಿತು. ಮೊದಲ ಅಂಟಿನ ಜಾಗ ಬಂದಾಗ ಹಸಿರು ಗೆರೆ ನಡುಗಿತು. ಆಮೇಲೆ ಎದ್ದು ಕುಣಿಯತೊಡಗಿತು. ಮೂವರೂ ಉಸಿರು ಹಿಡಿದು ನೋಡುತ್ತಿರುವಾಗಲೇ ಯಂತ್ರ ನೆರಳುಗಳನ್ನು ಹೆಕ್ಕಿ, ಜೋಡಿಸಿ, ಸ್ಪೀಕರಿಗೆ ಕೊಟ್ಟಿತು.

ಮೊದಲು ಗದ್ದಲ. ಗೋಡೆಯಾಚೆಯಿಂದ ಬಂದ ಹಾಗೆ ಹೆಂಗಸರ ನಗು, ಬಳೆಯ ಸದ್ದು.

“ನನ್ನ ಮದ್ವೆ ಕನ ಇದು,” ಎಂದು ಷಡಕ್ಷರಿ ಚಾರ್ವಿಗೆ ಪಿಸುಗುಟ್ಟಿದರು. “ಹೆಣ್ಣು ಗಂಡು ಒಳಿಕ್ಕೆ ಬರೋವಾಗ ಅಕ್ಕ ಬಾಗ್ಲು ಅಡ್ಡ ಕಟ್ಕೊಂಡಿದ್ಲು, ಹೆಸ್ರು ಹೇಳಿ ಅಂತವ.”

ಗಂಡನ ಹೆಸರನ್ನು ಹೆಂಡತಿ, ಹೆಂಡತಿಯ ಹೆಸರನ್ನು ಗಂಡ ಪದ ಕಟ್ಟಿ ಹೇಳಿದರಷ್ಟೇ ಹೊಸಿಲು ದಾಟಲು ಬಿಡುವುದು ಆ ಕಡೆಯ ಶಾಸ್ತ್ರ. ಅದು ಬಿಟ್ಟರೆ ಆ ಕಾಲದ ಹೆಂಗಸರು ಗಂಡನ ಹೆಸರನ್ನು ಬಾಯಲ್ಲಿ ಎತ್ತುತ್ತಿರಲಿಲ್ಲ. ಪುಟ್ಟತಾಯಿಗೂ ಗುರುಮಲ್ಲಪ್ಪನವರು ಬದುಕಿನುದ್ದಕ್ಕೂ ‘ಏನೂಂದ್ರೆ’ ಆಗಿದ್ದರು. ತಮ್ಮ ಮದುವೆಯ ದಿನ ಅವಳು ಹೇಳಿದ್ದೂ ಗದ್ದಲದಲ್ಲಿ ಮುಳುಗಿಹೋಗಿ, ಅವಳ ದನಿಯಲ್ಲಿ ತಮ್ಮ ಹೆಸರನ್ನು ಅವರು ಒಮ್ಮೆಯೂ ಕೇಳಿರಲಿಲ್ಲ.

ಸ್ಪೀಕರಿನೊಳಗೆ ಹೆಣ್ಣಿನ ಕಡೆಯವರು ತಿರುಗಿಬಿದ್ದರು. ‘ಮೊದ್ಲು ನೀನೇಳು ಪುಟ್ಟತಾಯಿ. ನೀನೇಳ್ದೆ ನಮ್ ಹುಡ್ಗಿ ಹೇಳಲ್ಲ.’

‘ನಂದೇನ್ರೇ, ಹಳೇ ಹೆಂಡ್ತಿ ನಾನು.’

ಗುರುಮಲ್ಲಪ್ಪನವರ ಕೈ ತಾನಾಗಿಯೇ ಷಡಕ್ಷರಿಯ ಮೊಣಕೈ ಹಿಡಿಯಿತು. ಅದೇ ದನಿ. ಕೊನೆಯಲ್ಲಿ ಒಂಚೂರು ಮೇಲಕ್ಕೆ ಎಳೆಯುವ, ಕಾಫಿ ಆರಿಹೋಗುತ್ತದೆ ಎಂದು ಕರೆಯುವ ದನಿ.

‘ಅಣ್ಣಾರು ಇಲ್ಲೆಲ್ಲೂ ಇಲ್ಲ ಕಣೆ,’ ಎಂದಳು ಯಾರೋ. ‘ಚಪ್ಪರದ ಆಚೆ ಹಾರ್ನ್ ಕಟ್ತಾವ್ರೆ. ನಾಚ್ಕೋಬ್ಯಾಡ, ಹೇಳು.’

‘ಟೇಪು ಓಡ್ತಾ ಅದಲ್ಲೇ.’

‘ಓಡ್ಲಿ ಬುಡು. ಅವ್ರು ಹೆಂಗೂ ಕತ್ತರಿಸ್ತಾರೆ.’

ಪುಟ್ಟತಾಯಿ ನಕ್ಕಳು. ಕೆಮ್ಮಿ ಗಂಟಲು ಸರಿಮಾಡಿಕೊಂಡಳು. ಆಮೇಲೆ ಹಾಡಲಿಲ್ಲ, ಆಡಿದಳು.

‘ಎಂಟೂರಿಗೂ ಕೇಳೋ ಹಂಗೆ ಮೈಕು ಕಟ್ತಾನೆ ನಮ್ಮ ಗುರುಮಲ್ಲಪ್ಪ. ಪಕ್ಕದಲ್ಲಿರೋಳು ಆಡೋ ಮಾತು ಒಂದೇ ಅವನ ಕಿವಿಗೆ ಬೀಳೋದಿಲ್ಲಪ್ಪ.’

ಹೆಂಗಸರ ನಗೆ ಹೊಮ್ಮಿತು. ಆ ನಗೆಯ ನಡುವೆ ಸೋಬಾನೆ ಶುರುವಾಗಿ, ಅಂಟಿನ ಜಾಗ ದಾಟಿತು. ಷಡಕ್ಷರಿ ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು. ಚಾರ್ವಿ ಯಂತ್ರವನ್ನು ನಿಲ್ಲಿಸಿ, ದನಿಯನ್ನು ಇನ್ನಷ್ಟು ಸ್ವಚ್ಛ ಮಾಡಿಕೊಡಲೇ ಎಂದು ಕೇಳಿದಳು.

ಗುರುಮಲ್ಲಪ್ಪನವರು ಅವಳ ಕಡೆ ತಿರುಗಲಿಲ್ಲ. ಅವರು ಸ್ಪೀಕರಿನ ಹತ್ತಿರಕ್ಕೆ ಬಾಗಿ, ಎದುರಿಗೆ ಕೂತವಳಿಗೆ ಹೇಳುವ ಹಾಗೆ ಹೇಳಿದರು:

“ಕೇಳಿಸ್ತು ಕಣಮ್ಮಿ. ಇನ್ನೂ ಏನಾರ ಇದ್ರೆ ಹೇಳು.”