ಹನುಮಕ್ಕನ ಅಂಗಡಿಯ ಬೈಟು ಟೀ

"ಯಾರ್ರೀ ಅದು, ನನ್ನ ಟವೆಲ್ ತೆಗ್ದಿದ್ದು?"

ಮಧುಗಿರಿ ನಿಲ್ದಾಣದಲ್ಲಿ ಶಿರಾ ಕಡೆಗೆ ಹೊರಡಲಿದ್ದ ಸರ್ಕಾರಿ ಬಸ್ಸಿನೊಳಗೆ ಆ ಧ್ವನಿ ಗುಡುಗಿತು. ಕಿಟಕಿಯ ಪಕ್ಕ ಕುಳಿತಿದ್ದ ಮಾನಸ ತಲೆಯೆತ್ತಿದಳು.

"ನಾನೇ ತೆಗೆದೆ. ಟವೆಲ್‌ಗೇನು ಕಾಲು ನೋವಾ, ಕೂತ್ಕೊಂಡೇ ಬರೋಕೆ?"

"ಕಿಟಕಿಯಿಂದ ಹಾಕಿ ಸೀಟು ಹಿಡ್ದಿದ್ದೆ ಕಣ್ರೀ! ಫ್ರೀಯಾಗಿ ಹೋಗೋರು ಕಿಟಕಿ ತಾವ ಕೂತ್ಕಬೇಕು, ದುಡ್ಡು ಕೊಟ್ಟೋರು ನಿಂತ್ಕಬೇಕಾ?"

ಬಸ್ಸಿನ ತುಂಬ ನಗೆ ಹರಡಿತು. ಮಾನಸಳ ಕಿವಿಗಳು ಬಿಸಿಯಾದವು.

"ದುಡ್ಡು ಕೊಟ್ಟಿದ್ದು ನೀವು. ನಿಮ್ಮ ಟವೆಲ್ ಅಲ್ಲ!"

ಮಾತು ಗಟ್ಟಿಯಾಗಿಯೇ ಬಂದಿತು. ಕಣ್ಣು ಮಾತ್ರ ಅವಳ ಮಾತು ಕೇಳಲಿಲ್ಲ. ಅಲ್ಲಿ ಜಿನುಗಿದ ಹನಿಯನ್ನು ಕಂಡ ಯುವಕ ಟವೆಲನ್ನು ಮಡಚಿ ಹೆಗಲಿಗೆ ಹಾಕಿಕೊಂಡು, ನಿಂತೇ ಬಂದ. ಬಡವನಹಳ್ಳಿಯಲ್ಲಿ ಅವಳು ಇಳಿಯುವಾಗ ಮೆಲ್ಲನೆ, "ತಪ್ಪಾಯ್ತು ಕಣ್ರೀ," ಎಂದ.

ಮರುದಿನ ಸಂಜೆ ಅದೇ ಸೀಟಿನ ಮೇಲೆ ಅದೇ ಟವೆಲ್ ಇತ್ತು. ಅವನು ಪಕ್ಕದಲ್ಲಿ ನಿಂತು ನಗುತ್ತಿದ್ದ.

"ಇವತ್ತು ಟವೆಲ್ ನಿಮ್ಗೇ ಕಾಯ್ತಾ ಐತೆ. ಕೂತ್ಕಳಿ."

ಅವನ ಹೆಸರು ಅಂಬರೀಶ್. ಬಡವನಹಳ್ಳಿಯ ಆಚೆಗಿನ ಹಳ್ಳಿಯವನು. ಮಧುಗಿರಿಯಲ್ಲಿ ಸುಟ್ಟುಹೋದ ಪಂಪಿನ ಮೋಟರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿಯಲ್ಲಿ ಕೆಲಸ. ಮಾನಸ ರುದ್ರಮುನಿಯವರ ಬಟ್ಟೆಯಂಗಡಿಯಲ್ಲಿ ಬಿಲ್ಲು ಬರೆಯುವವಳು. ಖಾಸಗಿ ಬಸ್ಸುಗಳು ಒಂದರ ಹಿಂದೊಂದು ಹೋಗುತ್ತಿದ್ದರೂ ಇಬ್ಬರೂ ಸರ್ಕಾರಿ ಬಸ್ಸಿಗೇ ಕಾಯುತ್ತಿದ್ದರು. ಹೆಂಗಸರಿಗೆ ಅದರಲ್ಲಿ ಉಚಿತ; ಅವಳು ಟಿಕೆಟ್ಟಿನ ಹಣ ಉಳಿಸಲು, ಅವನು... ಅವಳು ಅಲ್ಲಿರುತ್ತಾಳೆಂದು!

ಕಾಯುವಾಗ ಅವನು ನಿಲ್ದಾಣದ ಪಕ್ಕದ ಹನುಮಕ್ಕನ ಅಂಗಡಿಯಿಂದ ಟೀ ತರುತ್ತಿದ್ದ. ಅವಳು ಪ್ರತಿ ಸಲವೂ ಬೇಡವೆನ್ನುತ್ತಿದ್ದಳು.

ಅದಕ್ಕೆ ಕಾರಣವಿತ್ತು. ಬಿ.ಎಡ್. ಓದುತ್ತೇನೆಂದಾಗ ತಂದೆ ಬಸವಲಿಂಗಯ್ಯ ಒಂದೇ ಮಾತು ಹೇಳಿದ್ದರು: "ನಿನ್ನ ದುಡ್ನಾಗೆ ಓದಂಗಿದ್ರೆ ಓದು. ಇಲ್ಲಾಂದ್ರೆ ಕೊರಟಗೆರೆ ಗಂಡಿಗೆ ಹ್ಞೂಂ ಅನ್ನು." ಅಂದಿನಿಂದ ಅವಳ ಬದುಕು ಕಳೆಯುವ ಲೆಕ್ಕವಾಯಿತು. ಸವೆದ ಸೋಪಿನ ಚೂರು ಹೊಸ ಸೋಪಿಗೆ ಅಂಟುತ್ತಿತ್ತು. ಮಧ್ಯಾಹ್ನಕ್ಕೆ ಮನೆಯ ರಾಗಿರೊಟ್ಟಿ, ಕುಡಿಯಲು ಮನೆಯ ನೀರು. ಎಲ್ಲಕ್ಕಿಂತ ಕಠಿಣವಾದ ನಿಯಮ ಇನ್ನೊಂದು: ಮರಳಿ ಕೊಡಲಾಗದ್ದನ್ನು ತೆಗೆದುಕೊಳ್ಳಬಾರದು. ಇಂದು ಅವನ ಟೀ ಕುಡಿದರೆ ನಾಳೆ ಕುಡಿಸಬೇಕು.

'ಒಂದು ಟೀ ತಾನೇ...' ಎಂದು ಮನಸ್ಸು ಗೋಗರೆಯುತ್ತಿತ್ತು. 'ಒಂದೊಂದೇ ತಾನೇ ಸೇರಿ ರಾಶಿಯಾಗುವುದು!' ಎಂದು ಅವಳೇ ಗದರಿಕೊಳ್ಳುತ್ತಿದ್ದಳು.

ಇದನ್ನು ಅವನಿಗೆ ಹೇಳಲಿಲ್ಲ. ಬಡತನವನ್ನು ಹೇಳಿಕೊಳ್ಳುವುದೂ ಒಂದು ಬಗೆಯ ಬೇಡುವಿಕೆಯೆಂದು ಅವಳ ಎಣಿಕೆ.

ಅಂಬೇಡ್ಕರ್ ಜಯಂತಿಯ ಮರುದಿನ ಅವನು ಕೇರಿಯ ಹಬ್ಬದ ಸಿಹಿಯನ್ನು ಡಬ್ಬಿಯಲ್ಲಿ ತಂದ. "ನಮ್ಮವ್ವ ಮಾಡಿದ್ದು. ನಿಮ್ಗೆ ಅಂತಾನೇ ಎತ್ತಿಟ್ಟಿದ್ದೆ."

"ಬೇಡ ಕಣ್ರೀ... ತಪ್ಪು ತಿಳ್ಕೋಬೇಡಿ."

ಅವನು ಡಬ್ಬಿ ಮುಚ್ಚಿದ. ಕೆಲವೇ ದಿನಗಳಲ್ಲಿ ಬಸವ ಜಯಂತಿ ಬಂತು. ರುದ್ರಮುನಿಯವರು ಕೆಲಸದವರಿಗೆಲ್ಲ ಪಾಯಸ ಕೊಟ್ಟರು. ಯಜಮಾನರು ಕೊಡುವುದು ಸಂಬಳದ ಬಾಲ, ಅದಕ್ಕೆ ಮರುಪಾವತಿಯಿಲ್ಲವೆಂದು ಅವಳು ನಿಶ್ಚಿಂತೆಯಿಂದ ಕುಡಿದಳು. ಬಾಗಿಲಲ್ಲಿ ಅಂಬರೀಶ್ ನಿಂತಿದ್ದುದನ್ನು ಅವಳು ನೋಡಲಿಲ್ಲ.

ಅಂದು ಸಂಜೆ ಸೀಟಿನ ಮೇಲೆ ಟವೆಲ್ ಇರಲಿಲ್ಲ!

ಅವನು ಖಾಸಗಿ ಬಸ್ಸಿನ ಬಾಗಿಲಲ್ಲಿದ್ದ. ಅವಳು ಓಡಿಹೋಗಿ ತಡೆದಳು.

"ಏನಾಯ್ತು? ಯಾಕೆ ಹಿಂಗೆ?"

"ಏನೂ ಇಲ್ಲ ಬುಡಿ. ನಮ್ಮ ಕೈನಾಗೆ ಕುಡುದ್ರೆ ಮೈಲಿಗೆ ಆಯ್ತದೆ ಅಂತ ಮೊದ್ಲೇ ಹೇಳ್ಬುಟ್ಟಿದ್ರೆ ನಾನು ದಿನಾ ಲೋಟ ಹಿಡ್ಕಂಡು ನಿಲ್ತಿರ್ಲಿಲ್ಲ. ರುದ್ರಮುನಿ ಪಾಯಸ ಒಳೀಕೆ ಇಳೀತು. ನಮ್ಮವ್ವಂದು ಇಳೀಲಿಲ್ಲ. ಅಲ್ವಾ?"

ಬಸ್ಸು ಹೊರಟಿತು.

'ನಾನು ಉಳಿಸಿದ್ದು ಟೀಯ ದುಡ್ಡನ್ನು... ಅವನಿಗೆ ಕಂಡದ್ದು ಇದೇ?'

ಕೋಪ ಬಂತು. ದಾರಿಯುದ್ದಕ್ಕೂ ಅವನಿಗೆ ಉತ್ತರ ಜೋಡಿಸಿದಳು. ಆದರೆ ಮನೆಯಂಗಳಕ್ಕೆ ಬಂದಾಗ ಹೊರಗೋಡೆಯ ಗೂಡಿನಲ್ಲಿ ಬೋರಲಾಗಿದ್ದ ಸ್ಟೀಲ್ ಲೋಟ ಕಣ್ಣಿಗೆ ಬಿತ್ತು. ಹೊಲದ ಕೆಲಸಕ್ಕೆ ಬರುವವರಿಗೆಂದು ತಾಯಿ ಶಿವರುದ್ರಮ್ಮ ಬೇರೆಯಾಗಿ ಇಟ್ಟದ್ದು. ಅವಳು ಹುಟ್ಟಿದಂದಿನಿಂದ ಅದು ಅಲ್ಲೇ ಇತ್ತು. ಏಕೆಂದು ಅವಳು ಕೇಳಿರಲಿಲ್ಲ.

ಜೋಡಿಸಿಟ್ಟ ಉತ್ತರವೆಲ್ಲ ಅಲ್ಲೇ ಕುಸಿಯಿತು.

ಮುಂದಿನ ಸಂಜೆಗಳಲ್ಲಿ ಅವನು ಅವಳನ್ನು ಕಂಡೊಡನೆ ಮುಖ ತಿರುಗಿಸುತ್ತಿದ್ದ. ಒಂದು ಸಂಜೆ ಅವಳು ಬಸ್ಸಿಗೆ ಕಾಯಲಿಲ್ಲ. ನೇರವಾಗಿ ಹನುಮಕ್ಕನ ಅಂಗಡಿಗೆ ಹೋದಳು. ಅವನು ಬೆಂಚಿನ ಮೇಲೆ ಒಬ್ಬನೇ ಕುಳಿತಿದ್ದ.

"ಹನುಮಕ್ಕ, ಒಂದು ಬೈಟು."

ಒಂದು ಟೀಯನ್ನು ಎರಡು ಲೋಟಕ್ಕೆ ಹಂಚುತ್ತಾ ಹನುಮಕ್ಕ ಕಣ್ಣರಳಿಸಿದಳು. "ಯವ್ವಾ, ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ್ನೋ! ನಿನ್ನ ಪರ್ಸು ಬಾಯಿ ಬುಡೋದು ಈ ಜನ್ಮದಾಗೆ ನೋಡ್ತೀನಿ ಅಂದ್ಕಂಡಿರ್ಲಿಲ್ಲ ಕಣಮ್ಮ!"

ಮಾನಸ ಒಂದು ಲೋಟ ಅವನ ಮುಂದಿಟ್ಟಳು. ಅವನು ಮುಟ್ಟಲಿಲ್ಲ. ಅವಳು ಎಲ್ಲವನ್ನೂ ಹೇಳಿದಳು: ತಂದೆಯ ಷರತ್ತು, ಕೊರಟಗೆರೆಯ ಗಂಡು, ತನ್ನ ನಿಯಮ.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನೀವು ಕೇಳಿದ್ರಾ? ಕೇಳ್ದಲೇ ತೀರ್ಪು ಕೊಟ್ಬುಟ್ರಿ." ಅವಳು ಟೀ ಲೋಟವನ್ನು ತಿರುಗಿಸಿದಳು. "ಆದ್ರೆ... ನಿಮ್ಮ ಮಾತು ಪೂರ್ತಿ ಸುಳ್ಳೂ ಅಲ್ಲ. ನಮ್ಮನೆ ಹೊರಗೆ ಒಂದು ಲೋಟ ಐತೆ..."

"ಗೊತ್ತು. ನಿಮ್ಮ ಹೊಲಕ್ಕೆ ಕಳೆ ತೆಗೆಯಾಕೆ ಬಂದಾಗ ನಮ್ಮಪ್ಪ ಚಿಕ್ಕನರಸಯ್ಯ ಅದ್ರಾಗೇ ಕುಡ್ದವ್ರೆ."

ಅವಳು ತಲೆ ತಗ್ಗಿಸಿದಳು. ಹಾಗೆಯೇ ಹೇಳಿದಳು: "ಅದನ್ನ ತೊಳೆದು ಒಳಗೆ ನಮ್ಮ ಲೋಟಗಳ ಜೊತೆ ಇಟ್ಟೆ. ಅವ್ವ ಹೊರಗಿಟ್ರು. ಮತ್ತೆ ಒಳಗಿಟ್ಟೆ. ಈಗ ಅವ್ವ ಮಾತು ಬಿಟ್ಟವ್ರೆ... ನಾನು ಅದ್ರಲ್ಲೇ ನೀರು ಕುಡೀತಿದೀನಿ."

ಅಂಬರೀಶ್ ಅವಳ ಮುಖವನ್ನೇ ನೋಡಿದ. ನಿಧಾನವಾಗಿ ಲೋಟವೆತ್ತಿ ಒಂದು ಗುಟುಕು ಕುಡಿದ.

ಮಾನಸ ಕೈಚಾಚಿ ಅವನ ಕೈಯಲ್ಲಿದ್ದ ಲೋಟವನ್ನೇ ತೆಗೆದುಕೊಂಡಳು. ತನ್ನದನ್ನು ಅವನತ್ತ ಸರಿಸಿ, ಅವನು ಕುಡಿದು ಉಳಿಸಿದ್ದನ್ನು ಕುಡಿದಳು.

"ಮಾನಸ! ಅದು ನನ್ನ ಎಂಜಲು..."

"ಗೊತ್ತಿದ್ದೇ ಕುಡಿದೆ."

ಅವನು ಟವೆಲಿನಿಂದ ಕಣ್ಣೊರೆಸಿಕೊಂಡ. "ಮುಂದೆ ದಾರಿ ಸಲೀಸಿಲ್ಲ ಕಣೇ. ನಿಮ್ಮಪ್ಪ, ನಿಮ್ಮವ್ವ, ನಿನ್ನ ಓದು... ಹೆಂಗೆ?"

"ಓದು ಬಿಡಲ್ಲ. ನಿನ್ನನ್ನೂ ಬಿಡಲ್ಲ. ಎಲ್ಲಾನೂ ಕಳೆದು ನೋಡಿದೆ ಅಂಬರೀಶ್... ನಿನ್ನ ಕಳೆದ್ರೆ ಏನೂ ಉಳೀಲಿಲ್ಲ."

ಸರ್ಕಾರಿ ಬಸ್ಸು ನಿಲ್ದಾಣಕ್ಕೆ ತಿರುಗಿತು. ಅವನು ಕಣ್ಣೊರೆಸಿಕೊಂಡ ಟವೆಲನ್ನೇ ಹಿಡಿದು ಓಡಿ ಕಿಟಕಿಯೊಳಗೆ ಎಸೆದ.

"ನಾಳೆ ಟೀ ನಂದು," ಎಂದ, ತಿರುಗಿ.

"ಪೂರ್ತಿ ಟೀ ಬೇಡ," ಎಂದಳು ಮಾನಸ. "ಬೈಟು ಸಾಕು."